ಫೇಲಾದವರು ಕಡಿಮೆ, ಕಾಣೆಯಾದವರೇ ಜಾಸ್ತಿ

ಮೊದಲ ಸೆಮಿಸ್ಟರ್ ಶುರುವಾದಾಗ ನನ್ನ ಹಾಜರಿ ಪಟ್ಟಿಯಲ್ಲಿ 38 ಹೆಸರುಗಳಿದ್ದವು. ಡಿಸೆಂಬರಿನಲ್ಲಿ ಕೊನೇ ಪರೀಕ್ಷೆಗೆ ಬಂದು ಕೂತವರು 21 ಜನ. ಆ 21 ಜನರಲ್ಲಿ ಫೇಲಾದವರು ಮೂರೇ ಮಂದಿ. ಪರೀಕ್ಷೆ ಬರೆದವರ ಲೆಕ್ಕ ಮಾತ್ರ ಹಿಡಿದರೆ ನನ್ನ ರಿಸಲ್ಟು ಚೆನ್ನಾಗಿಯೇ ಇತ್ತು. ಹಾಸನದಲ್ಲಿ ನಾನಿದ್ದ ಪಿಯು ಕಾಲೇಜಾಗಿದ್ದರೆ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೇ ಬಂದು ಭೇಷ್ ಅನ್ನುತ್ತಿದ್ದರು. ಆದರೆ ಮಿಕ್ಕ 17 ಜನ ಎಲ್ಲಿ ಹೋದರು ಅಂತ ನನಗೆ ಗೊತ್ತೇ ಇರಲಿಲ್ಲ. ಜಗಳ ಆಡಿ ಹೋಗಲಿಲ್ಲ, ಕಷ್ಟ ಅಂತ ಹೇಳಿಯೂ ಹೋಗಲಿಲ್ಲ. ಮಂಗಳವಾರ ಇದ್ದರು, ಗುರುವಾರ ಇರಲಿಲ್ಲ, ಅಷ್ಟೇ.

ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಪಾರ್ಟ್ ಟೈಮ್. ಮಾನಸಗಂಗೋತ್ರಿಯಲ್ಲಿ ಗಣಿತ ಎಂ.ಎಸ್ಸಿ. ಮುಗಿಸಿ ಆರು ವರ್ಷ ಪಿಯು ಮಕ್ಕಳಿಗೆ ಪಾಠ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಕೆಲವು ವರ್ಷ ಸುಮ್ನೆ ಮನೆಯಲ್ಲಿ ಕೂತವಳು. 2015ರಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರ ಗಂಡ-ಹೆಂಡತಿಗೂ ಕೆಲಸದ ಪರ್ಮಿಟ್ ಕೊಡಲು ಶುರು ಮಾಡಿದರಲ್ಲ, ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ನಾನೂ ಒಬ್ಬಳು. ಮೈಸೂರಿನ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಒಂದು ಏಜೆನ್ಸಿಗೆ ಕಳಿಸಿ, ಇದು ಇಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ಬರೆಸಿಕೊಂಡು, ಅರ್ಜಿ ಹಾಕಿ, ಇಪ್ಪತ್ತು ನಿಮಿಷ ಬೋರ್ಡಿನ ಮುಂದೆ ಪಾಠ ಮಾಡಿ ತೋರಿಸಿ, 2019ರಲ್ಲಿ ಕೆಲಸ ಸಿಕ್ಕಿತು.

ಊರಿಗೆ ಫೋನ್ ಮಾಡಿ ಹೇಳಿದಾಗ ಮಾವನವರು ಕೇಳಿದ ಮೊದಲ ಪ್ರಶ್ನೆ: "ಕಮ್ಯುನಿಟಿ ಕಾಲೇಜಾ? ಯಾವ ಕಮ್ಯುನಿಟಿಯವರದಮ್ಮಾ ಅದು?"

ನಗು ತಡೆಯಲಾಗಲಿಲ್ಲ. ಪಾಪ, ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ನಮ್ಮ ಕಡೆ ಆ ಪದಕ್ಕೆ ಅದೇ ಅರ್ಥ ತಾನೆ. "ಜಾತಿಯವರದಲ್ಲ ಮಾವ, ಊರಿನವರದು" ಅಂದೆ. ಎರಡು ವರ್ಷದ ಕಾಲೇಜು. ಕಟ್ ಆಫ್ ಇಲ್ಲ, ಸೀಟಿಗೆ ಜಗಳ ಇಲ್ಲ, ಹೈಸ್ಕೂಲ್ ಮುಗಿಸಿದವರು ಯಾರೇ ಬಂದರೂ ಸೇರಿಸಿಕೊಳ್ಳಬೇಕು. ಇಲ್ಲಿ ಎರಡು ವರ್ಷ ಓದಿ ಮುಂದಿನ ಎರಡು ವರ್ಷಕ್ಕೆ ಯೂನಿವರ್ಸಿಟಿಗೆ ಹೋಗಬಹುದು, ಅದಕ್ಕೆ ಟ್ರಾನ್ಸ್‌ಫರ್ ಅಂತಾರೆ. ಇಲ್ಲದಿದ್ದರೆ ನರ್ಸಿಂಗೋ ವೆಲ್ಡಿಂಗೋ ಆಟೋ ಮೆಕ್ಯಾನಿಕ್ಕೋ ಕಲಿತು ನೇರ ಕೆಲಸಕ್ಕೂ ಹೋಗಬಹುದು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಈ ಪದ್ಧತಿ 1910ಕ್ಕೆ ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಬಂತು, ಈಗ ಈ ರಾಜ್ಯ ಒಂದರಲ್ಲೇ 116 ಕಾಲೇಜುಗಳಿವೆ. ರಾಜ್ಯದವರಿಗೆ ಫೀಸು ಯೂನಿಟ್ಟಿಗೆ 46 ಡಾಲರ್. ನನ್ನದು ನಾಲ್ಕು ಯೂನಿಟ್ಟಿನ ವಿಷಯ, ಅಂದರೆ 184 ಡಾಲರ್. ಯೂನಿವರ್ಸಿಟಿಯ ಫೀಸಿನ ಮುಂದೆ ಅದು ಏನೂ ಅಲ್ಲ. ಮಾವ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಮ್ಮ ಸರ್ಕಾರಿ ಕಾಲೇಜು, ಐಟಿಐ ಎರಡೂ ಸೇರಿಸಿದ ಹಾಗೆ ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನಾನು ಸೇರಿದ ಹೊತ್ತು ಎಂಥದ್ದು ಅಂದರೆ, ಎಬಿ 705 ಅನ್ನೋ ಕಾನೂನು ಪೂರ್ತಿ ಜಾರಿಗೆ ಬಂದ ಸೆಮಿಸ್ಟರ್ ಅದೇ. ಅದಕ್ಕೆ ಮುಂಚೆ ಏನಿತ್ತು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮುಂಚೆ, ಕಾಲೇಜಿಗೆ ಸೇರಿದ ಕೂಡಲೇ ಒಂದು ಪ್ಲೇಸ್‌ಮೆಂಟ್ ಟೆಸ್ಟ್. ಹತ್ತು ವರ್ಷದ ಹಿಂದೆ ಭಿನ್ನರಾಶಿ ಬಿಟ್ಟವರು ಯಾವ ತಯಾರಿಯೂ ಇಲ್ಲದೆ ಕಂಪ್ಯೂಟರ್ ಮುಂದೆ ಕೂತು ಆ ಟೆಸ್ಟ್ ಬರೆದು, ಮಾರ್ಕ್ಸ್ ಕಡಿಮೆ ಬಂದರೆ ಬುಡದಿಂದ ಶುರು ಮಾಡಬೇಕಿತ್ತು. ಮೊದಲು ಬರೀ ಅಂಕಗಣಿತ, ಆಮೇಲೆ ಬೀಜಗಣಿತಕ್ಕೆ ಮುಂಚಿನದು, ಆಮೇಲೆ ಬೀಜಗಣಿತ ಒಂದು, ಎರಡು. ಇಷ್ಟೆಲ್ಲ ಹತ್ತಿದ ಮೇಲೆ ಡಿಗ್ರಿಗೆ ಲೆಕ್ಕಕ್ಕೆ ಬರುವ ಗಣಿತ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದೊಂದು ಮೆಟ್ಟಿಲಲ್ಲೂ ನೂರಕ್ಕೆ 70 ಜನ ಮುಂದಕ್ಕೆ ಹೋದರು ಅಂತಲೇ ಇಟ್ಟುಕೊಳ್ಳಿ. 70, 49, 34, 24. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನೂರು ಜನ 24 ಆದರು. ಯಾವ ಮೇಷ್ಟ್ರ ಕ್ಲಾಸಿನಲ್ಲೂ ರಿಸಲ್ಟ್ ಕೆಟ್ಟದಾಗಿಲ್ಲ, ಆದರೂ ಮುಕ್ಕಾಲು ಪಾಲು ಜನ ಇಲ್ಲ. 2017ರಲ್ಲಿ ಸಹಿಯಾದ ಈ ಕಾನೂನು ಆ ಏಣಿಯನ್ನೇ ತೆಗೆಯಲು ಹೊರಟಿತು. ಹೈಸ್ಕೂಲಿನ ಮಾರ್ಕ್ಸ್ ನೋಡಿ, ಒಂದೇ ವರ್ಷದೊಳಗೆ ಟ್ರಾನ್ಸ್‌ಫರ್ ಮಟ್ಟದ ಗಣಿತವನ್ನೂ ಇಂಗ್ಲಿಷನ್ನೂ ಮುಗಿಸುವ ಅವಕಾಶ ಆದಷ್ಟು ಹೆಚ್ಚುವ ಹಾಗೆ ಸೇರಿಸಿಕೊಳ್ಳಿ, ಬೇಕಿದ್ದರೆ ಜೊತೆಗೇ ಒಂದು ಬೆಂಬಲದ ತರಗತಿ ಕೊಡಿ ಅಂತ.

ನನ್ನ ಪಾಲಿಗೆ ಬಂದದ್ದು ಅಂಥದೇ ಕ್ಲಾಸು. ಸಂಜೆ ಆರಕ್ಕೆ ಶುರು. ಸ್ಟ್ಯಾಟಿಸ್ಟಿಕ್ಸ್ ಜೊತೆಗೆ ಅಂಟಿಕೊಂಡ ಬೆಂಬಲದ ಅವಧಿ.

ನಾನು ಮಾಡಿದ್ದೇನು? ಹಾಸನದಲ್ಲಿ ಮಾಡಿದ್ದನ್ನೇ ಮಾಡಿದೆ. ಬೋರ್ಡಿನ ಎಡತುದಿಯಿಂದ ಶುರು ಮಾಡಿ ಬಲತುದಿವರೆಗೆ ಚೊಕ್ಕವಾಗಿ ಬರೆದು, ಒರೆಸಿ, ಮತ್ತೆ ಎಡತುದಿಗೆ. ನನ್ನ ಬೋರ್ಡ್ ವರ್ಕ್ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ನಡುನಡುವೆ "ಅರ್ಥ ಆಯ್ತಾ?" ಅಂತ ಕೇಳುತ್ತಿದ್ದೆ. ಎಲ್ಲರೂ ಕೋಲೆಬಸವನ ಹಾಗೆ ತಲೆ ಆಡಿಸುತ್ತಿದ್ದರು. ತಲೆ ಆಡಿಸಿದ್ದಕ್ಕೆ ನಾನು ಮುಂದಕ್ಕೆ ಹೋಗುತ್ತಿದ್ದೆ.

ಹಾಸನದಲ್ಲಿ ಅದು ನಡೆಯುತ್ತಿತ್ತು, ಯಾಕೆ ಅಂತ ಈಗ ಗೊತ್ತಾಗುತ್ತದೆ. ನನ್ನ ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಆ ಮಕ್ಕಳು ಸಂಜೆ ಟ್ಯೂಷನ್ನಿನಲ್ಲಿ ಹೇಳಿಸಿಕೊಳ್ಳುತ್ತಿದ್ದರು, ಹಾಸ್ಟೆಲಿನಲ್ಲಿ ಪಕ್ಕದ ಮಂಚದವನನ್ನು ಕೇಳುತ್ತಿದ್ದರು, ಬೆಳಿಗ್ಗೆ ಐದಕ್ಕೆ ಅಮ್ಮ ಎಬ್ಬಿಸಿ ಕಾಫಿ ಕೊಟ್ಟು ಓದಿಸುತ್ತಿದ್ದರು. ರಿಸಲ್ಟು ನನ್ನದು ಅಂದುಕೊಂಡಿದ್ದೆ. ಅದರಲ್ಲಿ ನನ್ನ ಪಾಲು ಎಷ್ಟಿತ್ತೋ.

ಇಲ್ಲಿ ಕೂತವರು ಯಾರು? ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಹುಡುಗ. ವೃದ್ಧಾಶ್ರಮದಲ್ಲಿ ಆಯಾ ಕೆಲಸ ಮಾಡಿಕೊಂಡು ನರ್ಸಿಂಗಿಗೆ ಸೇರುವ ಆಸೆ ಇಟ್ಟುಕೊಂಡ ಹೆಂಗಸು. ಸೈನ್ಯದಿಂದ ಬಂದವನೊಬ್ಬ. ಮಗಳು ಓದುತ್ತಿರುವ ಕಾಲೇಜಿಗೇ ತಾನೂ ಸೇರಿದ, ನನಗಿಂತ ಹಿರಿಯರಾದ ಒಬ್ಬರು. ಹೈಸ್ಕೂಲಿನಿಂದ ನೇರ ಬಂದ ಹದಿನೆಂಟರ ಮಕ್ಕಳು ಸುಮಾರು ಅರ್ಧ. ಇವರಲ್ಲಿ ಬಹಳ ಜನ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಕ್ಲಾಸು ಮುಗಿದದ್ದೇ ಕಾರ್ ಪಾರ್ಕಿಗೆ ಓಡುತ್ತಾರೆ. ಹಾಸ್ಟೆಲ್ ಇಲ್ಲ, ಪಕ್ಕದ ಮಂಚ ಇಲ್ಲ.

ಮೊದಲ ಟೆಸ್ಟನ್ನು ಐದನೇ ವಾರ ಇಟ್ಟಿದ್ದೆ. ಝಡ್-ಸ್ಕೋರ್ (ಒಂದು ಅಂಕಿ ಸರಾಸರಿಯಿಂದ ಎಷ್ಟು ದೂರ ಅನ್ನೋ ಅಳತೆ) ಮೇಲೆ ಎರಡು ಪ್ರಶ್ನೆ, ಬಾಕ್ಸ್ ಪ್ಲಾಟ್ ಅನ್ನೋ ನಕ್ಷೆಯದು ಒಂದು. ಹಿಂದಿನ ಸಾಲಿನಲ್ಲಿ ಹಸಿರು ಟೋಪಿ ಹಾಕಿಕೊಂಡು ಕೂರುತ್ತಿದ್ದ ಒಬ್ಬ ಹುಡುಗ ಇದ್ದ, ಒಂದು ಕ್ಲಾಸೂ ತಪ್ಪಿಸಿದವನಲ್ಲ. ಇಪ್ಪತ್ತು ನಿಮಿಷ ಪೇಪರು ನೋಡಿದ. ಮೇಲೆ ಹೆಸರು ಬರೆದಿದ್ದ, ಕೆಳಗೆ ಏನೂ ಇಲ್ಲ. ಆಮೇಲೆ ಪೇಪರನ್ನು ಎರಡು ಮಡಚಿದ, ನಾಲ್ಕು ಮಡಚಿದ, ಉಗುರಿನಿಂದ ಮಡಿಕೆ ಗೀರಿದ, ನನ್ನ ಮೇಜಿನ ಮೇಲಿಟ್ಟು "ಥ್ಯಾಂಕ್ ಯೂ ಪ್ರೊಫೆಸರ್" ಅಂತ ಹೇಳಿ ಹೋದ. ಥ್ಯಾಂಕ್ಸ್ ಯಾಕೆ ಹೇಳಿದ ಅಂತ ಆವತ್ತು ಯೋಚಿಸಲಿಲ್ಲ. ಮತ್ತೆ ಅವನನ್ನು ನೋಡಲಿಲ್ಲ. ಅವನ ಹಿಂದೆಯೇ ಇನ್ನೂ ಆರು ಜನ ಅದೇ ವಾರ ಹೋದರು.

ಇಲ್ಲಿ ಸೆನ್ಸಸ್ ಡೇ ಅಂತ ಒಂದಿದೆ. ಸೆಮಿಸ್ಟರಿನ ಐದನೇ ಒಂದು ಭಾಗ ಕಳೆಯುವ ಹೊತ್ತಿಗೆ ಬರುತ್ತದೆ. ಬರದೇ ಇರುವವರನ್ನು ಅಷ್ಟರೊಳಗೆ ಪಟ್ಟಿಯಿಂದ ತೆಗೆಯುವುದು ನಮ್ಮ ಕೆಲಸ. ಅದಕ್ಕೆ ಮುಂಚೆ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ಮಾರ್ಕ್ಸ್ ಪಟ್ಟಿಯಲ್ಲಿ ಡಬ್ಲ್ಯೂ ಅಂತ ಬೀಳುತ್ತದೆ, ಅದು ಅಳಿಸುವುದಿಲ್ಲ. ನನ್ನ ಟೆಸ್ಟು ಬಂದದ್ದು ಸೆನ್ಸಸ್ ಮುಗಿದ ಮೇಲೆ. ಅಂದರೆ ತನಗೆ ಈ ವಿಷಯ ಕೈಗೆ ಹತ್ತುತ್ತಿಲ್ಲ ಅಂತ ಆ ಹುಡುಗನಿಗೆ ಕಾಗದದ ಮೇಲೆ ಕಾಣುವ ಹೊತ್ತಿಗೆ, ಅದನ್ನು ಸರಿ ಮಾಡಿಕೊಳ್ಳುವ ಸಮಯವೂ ದಾಟಿತ್ತು, ಸದ್ದಿಲ್ಲದೆ ಹೋಗುವ ಸಮಯವೂ ದಾಟಿತ್ತು. ಆ ಐದು ವಾರ ನಾನು ಅವನಿಂದ ಒಂದಕ್ಷರವನ್ನೂ ಬರೆಸಿ ನೋಡಿರಲಿಲ್ಲ. ತಲೆ ಆಡಿಸಿದ್ದನ್ನೇ ಉತ್ತರ ಅಂದುಕೊಂಡಿದ್ದೆ.

ಹೊಸಬರ ಕ್ಲಾಸಿಗೆ ಇಲ್ಲಿ ಹಿರಿಯ ಅಧ್ಯಾಪಕರೊಬ್ಬರು ಬಂದು ಕೂತು ನೋಡುತ್ತಾರೆ. ನನ್ನ ಕ್ಲಾಸಿಗೆ ಬಂದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಅಮೆರಿಕನ್ ಹೆಂಗಸು. ನಾನು ಆ ದಿನಕ್ಕೆಂದೇ ಬಣ್ಣಬಣ್ಣದ ಮಾರ್ಕರ್ ತಂದು ಬೋರ್ಡನ್ನು ರಂಗೋಲಿ ಹಾಕಿದ ಹಾಗೆ ಮಾಡಿದ್ದೆ. ಅವರು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಗೋಡೆಗೆ ಒರಗಿ ಕೂತು ಹುಡುಗರನ್ನೇ ನೋಡುತ್ತಿದ್ದರು. ಕೊನೆಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಕ್ಲಾಸಿನ ಬೆಂಚುಗಳ ನಕ್ಷೆ, ಒಬ್ಬೊಬ್ಬರು ಬಾಯಿ ಬಿಟ್ಟಾಗಲೂ ಅವರ ಜಾಗದಲ್ಲಿ ಒಂದು ಗೀಟು. 75 ನಿಮಿಷದಲ್ಲಿ ಗೀಟು ಬಿದ್ದದ್ದು ನಾಲ್ಕು ಜಾಗಕ್ಕೆ, ನಾಲ್ಕೂ ಮುಂದಿನ ಸಾಲು. ಕೆಳಗೆ ಒಂದು ಸಾಲು ಬರೆದಿದ್ದರು: ನೀವು ಮಾತಾಡಿದ್ದು 61 ನಿಮಿಷ.

ಮನೆಗೆ ಬಂದು ಗಂಡನ ಮುಂದೆ ಅವರನ್ನು ಚೆನ್ನಾಗಿ ಬೈದೆ. ಪಾಠ ಮಾಡೋದೇ ತಪ್ಪಾ, ಮೇಷ್ಟ್ರು ಮಾತಾಡದೆ ಇನ್ಯಾರು ಮಾತಾಡಬೇಕು, ಇತ್ಯಾದಿ. ಎರಡು ದಿನ ಆದ ಮೇಲೆ ಆ ನಕ್ಷೆಯ ಮೇಲೆ ಇನ್ನೊಂದು ಬಣ್ಣದ ಪೆನ್ನಿನಲ್ಲಿ ಕಾಣೆಯಾದವರ ಜಾಗಗಳನ್ನು ಗುರುತು ಹಾಕಿದೆ. ಅವರು ಇದ್ದಾಗ ಎಲ್ಲಿ ಕೂರುತ್ತಿದ್ದರು ಅಂತ ನೆನಪಿಸಿಕೊಂಡು. ಒಂದೂ ಮುಂದಿನ ಸಾಲಿನದಲ್ಲ. ಅರ್ಧದಷ್ಟು ಜನರ ಮುಖವೇ ನೆನಪಿಗೆ ಬರಲಿಲ್ಲ. ಅದು ಹೆಚ್ಚು ಚುಚ್ಚಿತು.

ಜನವರಿಯ ಸೆಮಿಸ್ಟರಿಗೆ ಆ ಹಿರಿಯ ಅಧ್ಯಾಪಕಿಯ ಹತ್ತಿರವೇ ಹೋಗಿ ಕೂತೆ. ದೊಡ್ಡ ಉಪದೇಶ ಏನೂ ಮಾಡಲಿಲ್ಲ. "ಮೊದಲ ಮೂರು ವಾರ ನನಗೆ ಕೊಡು, ಮಿಕ್ಕಿದ್ದು ನಿನ್ನಿಷ್ಟ" ಅಂದರು.

ಮೊದಲು ಬದಲಾದದ್ದು ಮೊದಲ ದಿನ. ಹಿಂದೆಲ್ಲ ಸಿಲಬಸ್ ಕಾಗದ ಹಂಚಿ, ಹನ್ನೊಂದು ಪುಟ ಓದಿ ಹೇಳಿ ಕಳಿಸುತ್ತಿದ್ದೆ. ಅದರ ಭಾಷೆಯೋ, ಪೊಲೀಸ್ ಸ್ಟೇಷನ್ನಿನ ಬೋರ್ಡಿನ ಹಾಗೆ: ತಡವಾಗಿ ಬಂದರೆ ಹೀಗೆ, ಗೈರುಹಾಜರಾದರೆ ಹಾಗೆ. ಈಗ ಒಂದು ಕಾರ್ಡು ಕೊಡುತ್ತೇನೆ. ನಿಮ್ಮನ್ನು ಏನಂತ ಕರೆಯಬೇಕು, ವಾರಕ್ಕೆ ಎಷ್ಟು ಗಂಟೆ ಕೆಲಸ, ಕಾಲೇಜಿಗೆ ಬರಲು ಎಷ್ಟು ನಿಮಿಷ, ಗಣಿತದ ಬಗ್ಗೆ ನಾನು ತಿಳಿದಿರಬೇಕಾದ ಒಂದು ಮಾತು. ಮೊದಲ ಸಲ ಆ ಕಾರ್ಡುಗಳನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ವಾರಕ್ಕೆ 40 ಗಂಟೆ ಕೆಲಸ ಅಂತ ಬರೆದವರು ಎಷ್ಟೊಂದು ಜನ! ಒಬ್ಬಳು ಬರೆದಿದ್ದಳು, "ಏಳನೇ ಕ್ಲಾಸಿನ ಟೀಚರ್ ನನಗೆ ಗಣಿತ ಹತ್ತಲ್ಲ ಅಂದಿದ್ದರು, ಅವರು ಹೇಳಿದ್ದು ನಿಜ." ಬಂದು ಹೋಗುವ ನಿಮಿಷಗಳನ್ನು ಎರಡನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಹಾಕಿ, ಅದರ ಸರಾಸರಿ, ಮಧ್ಯಾಂಕ ಎಲ್ಲ ಅವರ ಕೈಯಲ್ಲೇ ತೆಗೆಸಿದೆ. ಪುಸ್ತಕದ ಉದಾಹರಣೆಗಿಂತ ತಮ್ಮ ಬಸ್ಸಿನ ಲೆಕ್ಕಕ್ಕೆ ಜನ ಜಾಸ್ತಿ ಬಗ್ಗಿ ನೋಡುತ್ತಾರೆ.

ಎರಡನೇ ವಾರಕ್ಕೇ ಒಂದು ಪುಟ್ಟ ಟೆಸ್ಟು. ಹತ್ತು ಮಾರ್ಕ್ಸು, ಒಟ್ಟಿನಲ್ಲಿ ಏನೂ ತೂಕ ಇಲ್ಲ. ಅದರ ಗುರಿ ಒಂದೇ, ಯಾರಿಗೆ ಎಲ್ಲಿ ತೊಡಕು ಅಂತ ಸೆನ್ಸಸ್ಸಿಗೆ ಮುಂಚೆ ಅವರಿಗೂ ಗೊತ್ತಾಗಬೇಕು, ನನಗೂ ಗೊತ್ತಾಗಬೇಕು. ನಾಲ್ಕಕ್ಕಿಂತ ಕಡಿಮೆ ಬಂದವರ ಪೇಪರಿನ ಮೇಲೆ ಮಾರ್ಕ್ಸ್ ಬರೆಯುವ ಬದಲು "ಗುರುವಾರ ಐದೂಮುಕ್ಕಾಲಿಗೆ ಕ್ಯಾಂಟೀನಿನಲ್ಲಿ ಇರುತ್ತೇನೆ, ಬನ್ನಿ" ಅಂತ ಬರೆಯುತ್ತೇನೆ. ಆಫೀಸ್ ಅವರ್ಸ್ ಅಂತ ಇಲ್ಲಿ ಒಂದು ಪದ್ಧತಿ ಇದೆ, ಮೇಷ್ಟ್ರು ಇಂತಿಷ್ಟು ಹೊತ್ತು ಬಾಗಿಲು ತೆರೆದು ಕೂತಿರಬೇಕು. ಆ ಪದದ ಅರ್ಥವೇ ಬಹಳ ಮಕ್ಕಳಿಗೆ ಗೊತ್ತಿಲ್ಲ. ಮೇಷ್ಟ್ರು ಆಫೀಸಿನಲ್ಲಿ ಬಿಜಿ ಇರೋ ಹೊತ್ತು, ತೊಂದರೆ ಕೊಡಬಾರದು ಅಂತ ತಿಳಿದವರೂ ಇದ್ದರು! ಕ್ಯಾಂಟೀನ್ ಅಂದರೆ ಬರುತ್ತಾರೆ.

ಒಂದು ಕ್ಲಾಸು ತಪ್ಪಿಸಿದರೆ ಮಾರನೇ ದಿನವೇ ಎರಡು ಸಾಲು ಈಮೇಲ್. "ನಿನ್ನೆ ನಿಮ್ಮನ್ನು ಕಾಣಲಿಲ್ಲ, ಎಲ್ಲ ಸರಿ ಇದೆಯಾ? ತಪ್ಪಿದ ಪಾಠ ಹತ್ತು ನಿಮಿಷದಲ್ಲಿ ಹಿಡಿದುಕೊಳ್ಳಬಹುದು, ಗುರುವಾರ ಬನ್ನಿ." ಅಷ್ಟೇ. ಇದು ತೀರಾ ಚಿಲ್ಲರೆ ಕೆಲಸ ಅನ್ನಿಸಬಹುದು, ನನಗೂ ಅನ್ನಿಸಿತ್ತು, ದೊಡ್ಡವರ ಹಿಂದೆ ಹೀಗೆ ಬೀಳೋದಾ ಅಂತ. ಆದರೆ ಒಂದು ಕ್ಲಾಸು ತಪ್ಪಿಸಿದವರು ಎರಡನೆಯದಕ್ಕೆ ಬರಲು ನಾಚುತ್ತಾರೆ, ಎರಡು ತಪ್ಪಿಸಿದ ಮೇಲೆ ಬಾಗಿಲು ತೆಗೆದು ಒಳಗೆ ಬರಲು ಧೈರ್ಯವೇ ಸಾಲುವುದಿಲ್ಲ. ಗಣಿತ ಗೊತ್ತಿಲ್ಲದ್ದಕ್ಕಿಂತ ಆ ನಾಚಿಕೆಯೇ ಜಾಸ್ತಿ ಜನರನ್ನು ಕಳಿಸುತ್ತದೆ ಅಂತ ನನ್ನ ಅಂದಾಜು.

ಗುಂಪಿನ ಕೆಲಸ ಮಾತ್ರ ಮೊದಲ ಸಲ ಪೂರ್ತಿ ಮಣ್ಣು ಮುಕ್ಕಿತು. ನಾಲ್ಕು ನಾಲ್ಕು ಜನ ಸೇರಿ ಲೆಕ್ಕ ಮಾಡಿ ಅಂದೆ. ನಾಲ್ವರೂ ಕುರ್ಚಿ ಹತ್ತಿರ ಎಳೆದುಕೊಂಡು, ನಾಲ್ಕು ನೋಟ್ ಬುಕ್ಕಿನಲ್ಲಿ, ನಾಲ್ಕು ಮೌನ. ಬರೀ ಬೆಂಚು ಸರಿಸಿದ ಸದ್ದಷ್ಟೇ ಲಾಭ. ಹಿರಿಯರನ್ನು ಕೇಳಿದಾಗ ಅವರು ಯೂರಿ ಟ್ರೈಸ್ಮನ್ ಅನ್ನೋ ಗಣಿತದ ಮೇಷ್ಟ್ರ ಕಥೆ ಹೇಳಿದರು. 1970ರ ದಶಕದಲ್ಲಿ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಕ್ಯಾಲ್ಕುಲಸ್ಸಿನಲ್ಲಿ ಕಪ್ಪು ಜನಾಂಗದ ಮಕ್ಕಳು ಯಾಕೆ ಹಿಂದೆ ಬೀಳುತ್ತಾರೆ ಅಂತ ಟ್ರೈಸ್ಮನ್ ನೋಡಲು ಹೊರಟರಂತೆ. ಓದುವ ಆಸೆ ಕಡಿಮೆ, ಮನೆಯಲ್ಲಿ ಬೆಂಬಲ ಇಲ್ಲ ಅಂತೆಲ್ಲ ಎಲ್ಲರೂ ಕಾರಣ ಕೊಟ್ಟಿದ್ದರು. ಮಕ್ಕಳ ಜೊತೆಗೇ ಇದ್ದು ನೋಡಿದರೆ, ಅವರು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ಮಕ್ಕಳು ಒಬ್ಬರೇ ಓದಿ ಆಮೇಲೆ ಒಟ್ಟಿಗೆ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿ ಜಗಳ ಆಡುತ್ತಿದ್ದರು. ಟ್ರೈಸ್ಮನ್ ಮಾಡಿದ್ದು, ಸುಲಭದ ಲೆಕ್ಕ ಕೊಟ್ಟು ಮೇಲೆತ್ತುವ ಬದಲು ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಕೂರಿಸಿದ್ದು. ಹಾಸನದ ಹಾಸ್ಟೆಲಿನ ಪಕ್ಕದ ಮಂಚ ನೆನಪಾಯಿತು.

ಆಮೇಲೆ ನಾನು ಮಾಡಿದ ಬದಲಾವಣೆ ಏನೂ ದೊಡ್ಡದಲ್ಲ. ಕುರ್ಚಿಯಿಂದ ಎಬ್ಬಿಸಿ ಗೋಡೆಯ ವೈಟ್ ಬೋರ್ಡಿನ ಮುಂದೆ ನಿಲ್ಲಿಸಿದೆ, ಮೂರು ಜನಕ್ಕೆ ಒಂದೇ ಮಾರ್ಕರ್, ಮಾರ್ಕರ್ ಹಿಡಿದವರು ತಮ್ಮ ಯೋಚನೆ ಬರೆಯುವ ಹಾಗಿಲ್ಲ, ಪಕ್ಕದವರು ಹೇಳಿದ್ದನ್ನು ಮಾತ್ರ ಬರೆಯಬೇಕು. ಮಾತಾಡದೆ ವಿಧಿಯಿಲ್ಲ.

ಪರೀಕ್ಷೆಗೂ ಇದೇ ಉಪಾಯ ತಂದೆ. ಒಂದು ಗಂಟೆ ಒಬ್ಬೊಬ್ಬರೇ ಬರೆದು ಕೊಡಬೇಕು. ಪೇಪರ್ ತೆಗೆದುಕೊಂಡ ಮೇಲೆ ಅದೇ ಪ್ರಶ್ನೆಗಳನ್ನು ಮೂರು ಜನ ಸೇರಿ ಅರ್ಧ ಗಂಟೆ ಮತ್ತೆ ಬರೆಯಬೇಕು. ಮೊದಲನೆಯದಕ್ಕೆ ನೂರಕ್ಕೆ 85, ಎರಡನೆಯದಕ್ಕೆ 15. ಹಾಸನದಲ್ಲಾಗಿದ್ದರೆ ಇದನ್ನು ಕಾಪಿ ಅಂತ ಹಿಡಿದು ಡಿಬಾರ್ ಮಾಡುತ್ತಿದ್ದೆವು! ಆದರೆ ಆ ಅರ್ಧ ಗಂಟೆಯಲ್ಲಿ ನಾನು ಕೇಳಿದ ಮಾತುಗಳು ನನ್ನ 61 ನಿಮಿಷದ ಪಾಠದಲ್ಲಿ ಒಂದು ದಿನವೂ ಬಂದಿರಲಿಲ್ಲ. ಒಂದು ಸಲದ್ದು ಹೇಳುತ್ತೇನೆ. ಕಾಲೇಜಿನ 40 ಜನರನ್ನು ಕೇಳಿ, ಬರಲು ಬೇಕಾಗುವ ಸಮಯದ ಸರಾಸರಿಗೆ 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ (ಕೆಲವರನ್ನೇ ಕೇಳಿ ಕಟ್ಟುವ ಅಂದಾಜಿನ ಮೇರೆ) ತೆಗೆದಿದ್ದರು, 24ರಿಂದ 34 ನಿಮಿಷ. ಇದರ ಅರ್ಥ ಬರೆಯಿರಿ ಅನ್ನೋದು ಪ್ರಶ್ನೆ. ಒಬ್ಬಳು, ನೂರಕ್ಕೆ 95 ಜನಕ್ಕೆ 24ರಿಂದ 34 ನಿಮಿಷ ಹಿಡಿಯುತ್ತೆ ಅಂತ ಬರೆಯಲು ಹೊರಟಳು. ಈ ತಪ್ಪನ್ನು ಪ್ರತಿವರ್ಷ ಅರ್ಧ ಕ್ಲಾಸು ಮಾಡುತ್ತದೆ, ನಾನು ಬೋರ್ಡಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆದು ಅಡಿಗೆರೆ ಎಳೆದರೂ ಮಾಡುತ್ತದೆ. ಗೋದಾಮಿನ ಹುಡುಗ ಅವಳ ಕೈ ತಡೆದ.

"ನನಗೆ 70 ನಿಮಿಷ ಬೇಕು. ನಿನಗೆಷ್ಟು?"

"ಎಂಟು."

"ಇವನಿಗೆ?"

"ನಲವತ್ತೈದು" ಅಂದ ಮೂರನೆಯವನು.

"ನಾವು ಮೂರು ಜನರೂ ಹೊರಗೇ ಇದ್ದೀವಿ. ಇದು ನಮ್ಮ ಬಗ್ಗೆ ಅಲ್ಲ. ಸರಾಸರಿ ಎಲ್ಲಿರಬಹುದು ಅನ್ನೋದರ ಬಗ್ಗೆ."

ನಾನು ಕಿಟಕಿ ಕಡೆ ತಿರುಗಿ ನಿಂತೆ. ಮಧ್ಯೆ ಬಾಯಿ ಹಾಕದೆ ಇರಲು ಬೇಕಾದ ಸಂಯಮ ನನಗೆ ಹುಟ್ಟಿನಿಂದ ಬಂದದ್ದಲ್ಲ.

ಎಲ್ಲ ಪ್ರಯೋಗವೂ ಹೀಗೆ ಫಲ ಕೊಟ್ಟಿತು ಅಂದುಕೊಳ್ಳಬೇಡಿ. ಕನಿಕರ ಜಾಸ್ತಿಯಾಗಿ ಒಂದು ಸೆಮಿಸ್ಟರ್ ಹೋಂವರ್ಕಿಗೆ ಕೊನೇ ದಿನಾಂಕವನ್ನೇ ತೆಗೆದುಬಿಟ್ಟೆ. ಕೆಲಸ ಮಾಡೋರು, ಮಕ್ಕಳೊಂದಿಗರು, ಯಾವಾಗಲಾದರೂ ಕೊಡಲಿ ಅಂತ. ನವೆಂಬರಿನಲ್ಲಿ ನೋಡಿದರೆ ಅರ್ಧ ಜನ ಒಂಬತ್ತು ಹೋಂವರ್ಕ್ ಬಾಕಿ ಇಟ್ಟುಕೊಂಡು ಕತ್ತಿನವರೆಗೆ ಮುಳುಗಿದ್ದರು. ಅವರೂ ಹೋದರು, ಆ ಸಲ ಕಳಿಸಿದ್ದು ನನ್ನ ಒಳ್ಳೆಯತನ. ಈಗ ಪ್ರತಿ ಹೋಂವರ್ಕಿಗೂ ಗಟ್ಟಿ ದಿನಾಂಕ ಇದೆ, ಜೊತೆಗೆ ಒಬ್ಬೊಬ್ಬರಿಗೂ ಮೂರು ಚೀಟಿ. ಒಂದು ಚೀಟಿ ಕೊಟ್ಟರೆ ಎರಡು ದಿನ ಹೆಚ್ಚು, ಕಾರಣ ಕೇಳುವುದಿಲ್ಲ. ಕಾರಣ ಕೇಳದೇ ಇರುವುದು ಮುಖ್ಯ. ಕೇಳಿದರೆ ಚೆನ್ನಾಗಿ ಮಾತಾಡುವವರಿಗೆ ರಿಯಾಯಿತಿ, ಮಾತು ಬಾರದವರಿಗೆ ಸೊನ್ನೆ.

2020ರ ಮಾರ್ಚಿನಲ್ಲಿ ಎಲ್ಲ ಜೂಮಿಗೆ ಹೋಯಿತು. ಆ ಕಥೆ ಬೇಡ, ಕಪ್ಪು ಚೌಕಗಳಿಗೆ ಪಾಠ ಮಾಡಿದೆ ಅಂದರೆ ಸಾಕು. ಒಂದು ಮಾತ್ರ ಹೇಳುತ್ತೇನೆ, ಕಾಲೇಜು ಸಾಲವಾಗಿ ಕೊಡುತ್ತಿದ್ದ ಲ್ಯಾಪ್‌ಟಾಪು, ಕ್ಯಾಂಪಸ್ಸಿನ ಫುಡ್ ಪ್ಯಾಂಟ್ರಿಯ ಅಕ್ಕಿ-ಬೇಳೆ ಇವು ಪಾಠದ ಭಾಗ ಅಂತ ನನಗೆ ಗೊತ್ತಾದದ್ದು ಆಗ. ಪುಸ್ತಕವೂ ಅಷ್ಟೇ. ನಾವು ಬಳಸುವ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಓಪನ್‌ಸ್ಟ್ಯಾಕ್ಸ್‌ನದು, ಪೂರ್ತಿ ಉಚಿತ. ಅದನ್ನು ಬರೆದವರು ಯಾವುದೋ ದೊಡ್ಡ ಯೂನಿವರ್ಸಿಟಿಯವರಲ್ಲ, ನಮ್ಮ ಕನ್ನಡದವರು ಗುಂಪು ಗುಂಪಾಗಿರುವ ಕೂಪರ್ಟಿನೋದ ಡಿ ಆಂಝಾ ಅನ್ನೋ ಕಮ್ಯುನಿಟಿ ಕಾಲೇಜಿನ ಇಬ್ಬರು ಅಧ್ಯಾಪಕಿಯರು. ಫೀಸಿಗಿಂತ ಪುಸ್ತಕದ ಬೆಲೆಯೇ ಜಾಸ್ತಿ ಆಗುವ ದೇಶದಲ್ಲಿ ಇದು ಸಣ್ಣ ವಿಷಯ ಅಲ್ಲ.

ಈಗ ಲೆಕ್ಕ. ಹೋದ ವರ್ಷದ ಒಂದು ಕ್ಲಾಸಿನಲ್ಲಿ 35 ಜನ ಇದ್ದರು, ಕೊನೇ ಪರೀಕ್ಷೆಗೆ 28 ಜನ ಬಂದರು. 38ಕ್ಕೆ 21 ಎಲ್ಲಿ, ಇದೆಲ್ಲಿ ಅಂತ ಬೀಗಬೇಕು ಅನ್ನಿಸುತ್ತದೆ. ಆದರೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವವಳೇ ಹಾಗೆ ಅಂದರೆ ನನ್ನ ಹುಡುಗರೇ ಹಿಡಿದು ಕೇಳುತ್ತಾರೆ: ಮೇಡಂ, ಎರಡೇ ಕ್ಲಾಸು, ಬೇರೆ ಬೇರೆ ಹುಡುಗರು, ಬೇರೆ ವರ್ಷ, ಹೋಲಿಸೋಕೆ ಇನ್ನೊಂದು ಗುಂಪು ಎಲ್ಲಿದೆ? ಸರಿಯಾದ ಮಾತು. ಚೀಟಿ ಎತ್ತಿ ಎರಡು ಗುಂಪು ಮಾಡಿ ನಿಜವಾಗಿ ಪರೀಕ್ಷಿಸಿ ನೋಡಿದ್ದು ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳಲ್ಲಿ. ಅಸಾಪ್ ಅನ್ನೋ ಆ ಕಾರ್ಯಕ್ರಮ 2007ರಲ್ಲಿ ಶುರುವಾಯಿತು. ಒಬ್ಬ ಸಲಹೆಗಾರ ಪದೇಪದೇ ಭೇಟಿ ಮಾಡಬೇಕು, ಟ್ಯೂಟರಿಂಗ್ ಕೊಡಬೇಕು, ಫೀಸಿನಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಕೊಡಬೇಕು, ಪುಸ್ತಕ ಕೊಡಬೇಕು, ಆಮೇಲೆ ಸಬ್‌ವೇ-ಬಸ್ಸಿನ ಪಾಸು. ಹುಡುಗರು ಪೂರ್ಣಾವಧಿ ಓದಬೇಕು. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಆ ಗುಂಪಿನಲ್ಲಿ ನೂರಕ್ಕೆ 40, ಮಾಮೂಲಿ ಗುಂಪಿನಲ್ಲಿ 22. ಬಸ್ ಪಾಸ್ ಅನ್ನೋದನ್ನು ಓದಿದಾಗ ನನಗೆ ಎದುರಿಗೆ ಬಂದದ್ದು ಆ 70 ನಿಮಿಷದ ಹುಡುಗ.

ಇಷ್ಟೆಲ್ಲ ಹೇಳಿ ಒಂದು ಸಿಟ್ಟನ್ನು ಹೇಳದೆ ಹೋದರೆ ಸರಿಯಲ್ಲ. ಇಲ್ಲಿ ಪಾರ್ಟ್ ಟೈಮ್ ಮೇಷ್ಟ್ರು ಒಂದು ಕಾಲೇಜು ಡಿಸ್ಟ್ರಿಕ್ಟಿನಲ್ಲಿ, ಅಂದರೆ ಒಂದೇ ಆಡಳಿತದ ಕೆಳಗಿನ ಕಾಲೇಜುಗಳಲ್ಲಿ, ಪೂರ್ಣ ಕೆಲಸದ ನೂರಕ್ಕೆ 67ಕ್ಕಿಂತ ಜಾಸ್ತಿ ಪಾಠ ಮಾಡುವಂತಿಲ್ಲ ಅಂತ ಕಾನೂನು. ಅದಕ್ಕೇ ನನ್ನಂಥವರು ಎರಡು ಮೂರು ಕಾಲೇಜು ಸುತ್ತುತ್ತೇವೆ. ನಮಗೆ ಫ್ರೀವೇ ಫ್ಲೈಯರ್ ಅಂತ ಅಡ್ಡಹೆಸರೇ ಇದೆ. ನನ್ನ ಆಫೀಸು ನನ್ನ ಕಾರಿನ ಡಿಕ್ಕಿ: ಒಂದು ಡಬ್ಬಿಯಲ್ಲಿ ಸೋಮವಾರದ ಕಾಲೇಜಿನ ಪೇಪರು, ಇನ್ನೊಂದರಲ್ಲಿ ಮಂಗಳವಾರದ್ದು, ಮಧ್ಯೆ ಚಿತ್ರಾನ್ನದ ಡಬ್ಬಿ. ಆ ಎರಡು ಸಾಲಿನ ಈಮೇಲುಗಳಿಗೆ ಯಾರೂ ಸಂಬಳ ಕೊಡುವುದಿಲ್ಲ. ಯಾರಿಗೆ ಮೇಷ್ಟ್ರ ಸಮಯ ಅತಿ ಹೆಚ್ಚು ಬೇಕೋ ಅವರಿಗೆ ಸಮಯವೇ ಇಲ್ಲದ ಮೇಷ್ಟ್ರನ್ನು ಕೊಟ್ಟು, ಆಮೇಲೆ ಹುಡುಗರು ಯಾಕೆ ಉಳಿಯುತ್ತಿಲ್ಲ ಅಂತ ಮೀಟಿಂಗ್ ಮಾಡುತ್ತಾರೆ. ಮೀಟಿಂಗಿಗೂ ನಮಗೆ ಸಂಬಳ ಇಲ್ಲ, ಸಮೋಸ ಇರುತ್ತೆ ಅಂದುಕೊಂಡರೆ ಅದೂ ಇಲ್ಲ.

ಈ ಸೆಮಿಸ್ಟರಿನ ಪಟ್ಟಿಯಲ್ಲಿ 36 ಜನ ಇದ್ದಾರೆ. ಎರಡನೇ ವಾರದ ಟೆಸ್ಟು ಆಯಿತು. ಕ್ಯಾಂಟೀನಿಗೆ ಒಂಬತ್ತು ಜನರನ್ನು ಕರೆದಿದ್ದೆ, ಆರು ಜನ ಬಂದರು, ಒಬ್ಬಾಕೆ ತನ್ನ ನಾಲ್ಕು ವರ್ಷದ ಮಗನನ್ನೂ ಕರೆತಂದಿದ್ದಳು, ಅವನು ನನ್ನ ಕ್ಯಾಲ್ಕುಲೇಟರಿನಲ್ಲಿ ಬರೀ ಎಂಟು ಒತ್ತುತ್ತಾ ಕೂತಿದ್ದ. ಮೊನ್ನೆ ಗುರುವಾರ ಇಬ್ಬರು ಬಂದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಇಬ್ಬರಿಗೂ ಬರೆದೆ. ಒಬ್ಬಳು ಅರ್ಧ ಗಂಟೆಯಲ್ಲಿ ಉತ್ತರಿಸಿದಳು, ಕಾರು ಕೆಟ್ಟಿತ್ತು, ಈಗ ಬಂದರೆ ತೀರಾ ತಡವಾಯಿತೇ ಅಂತ. ಇಲ್ಲ, ಬಾ ಅಂತ ಬರೆದೆ. ಇನ್ನೊಬ್ಬನದು ಭಾನುವಾರ ರಾತ್ರಿಯಾದರೂ ಬಂದಿಲ್ಲ. ಅವನ ಕಾರ್ಡು ತೆಗೆದು ನೋಡಿದೆ: ಕೆಲಸ 45 ಗಂಟೆ, ಬರಲು 50 ನಿಮಿಷ, ಗಣಿತದ ಬಗ್ಗೆ ಒಂದು ಮಾತು ಅನ್ನೋ ಜಾಗ ಖಾಲಿ. ಇನ್ನೊಂದು ಈಮೇಲ್ ಹಾಕಿ ಕೂತಿದ್ದೇನೆ. ನಾಳೆ ಸೆನ್ಸಸ್.